ಐಬಿಎಸ್ ಇಟ್ಟುಕೊಂಡು ಕೂಡು ಕುಟುಂಬದಲ್ಲಿ ಹೇಗೆ ನಿಭಾಯಿಸುತ್ತೀರಿ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನಮ್ಮ ಮನೆ ಅಡುಗೆಮನೆಯೇ ಕಣ್ಣ ಮುಂದೆ ಬಂತು. ನಿಮ್ಮದು ಹಾಸನದ ಹತ್ತಿರ ಕೂಡು ಕುಟುಂಬ, ಇಬ್ಬರು ಮಕ್ಕಳು. ಒಂದು ವರ್ಷದ ಹಿಂದೆ ಡಾಕ್ಟರ್ ಐಬಿಎಸ್ ಅಂದಿದ್ದಾರೆ, ಅಂದರೆ ಇರಿಟೆಬಲ್ ಬವೆಲ್ ಸಿಂಡ್ರೋಮ್, ಪದೇ ಪದೇ ಹೊಟ್ಟೆ ನೋವು, ಭೇದಿ ಇಲ್ಲವೇ ಮಲಬದ್ಧತೆ ಕಾಡುವ ಕರುಳಿನ ತೊಂದರೆ. ರಿಪೋರ್ಟೆಲ್ಲ ನಾರ್ಮಲ್. ಮನೆಯವರು "ಎಲ್ಲ ನಿನ್ ಮನಸ್ಸಿಂದು" ಅನ್ನುತ್ತಾರೆ. ನಿಮಗೆ ಅಂತ ಬೇರೆ ಅಡುಗೆ ಮಾಡಿಕೊಳ್ಳೋಕೆ ಆಗಲ್ಲ. ಮದುವೆ, ಗೃಹಪ್ರವೇಶ ಅಂದರೆ ವಾರದ ಮುಂಚೆಯೇ ಭಯ. ಇದರ ಜೊತೆ ದಿನ ದೂಡೋದು ಹೇಗೆ ಅಂತ ಕೇಳಿದ್ದೀರಿ.

ನಾನು ತುಮಕೂರಿನವಳು, ಹೈಸ್ಕೂಲು ಟೀಚರ್, ವಯಸ್ಸು 46. ಈ ಹೊಟ್ಟೆ ಕಟ್ಟಿಕೊಂಡು 13 ವರ್ಷ ಆಯಿತು. ಡಾಕ್ಟರ್ ಅಲ್ಲ, ಆದ್ದರಿಂದ ನನ್ನ ಮಾತನ್ನು ಅಕ್ಕ ಹೇಳಿದ್ದು ಅಂತ ಕೇಳಿ, ಔಷಧಿ ಚೀಟಿ ಅಂತ ಅಲ್ಲ. ನನ್ನ ಹೊಟ್ಟೆ ಕೆಡಿಸಿದ್ದರಲ್ಲಿ ಊಟದ ಪಾಲು ಎಷ್ಟೋ, ಊಟದ ಬಗ್ಗೆ ಮನೆಯಲ್ಲಿ ಮೂರು ಹೊತ್ತೂ ನಡೆಯುತ್ತಿದ್ದ ಪಂಚಾಯಿತಿಯ ಪಾಲೂ ಅಷ್ಟೇ. ಆ ಪಂಚಾಯಿತಿ ನಿಂತ ಮೇಲೆ ಅರ್ಧ ಹಗುರವಾಯಿತು. ಅದು ಹೇಗೆ ನಿಂತಿತು ಅನ್ನೋದನ್ನೇ ಜಾಸ್ತಿ ಬರೆಯುತ್ತೇನೆ.

ಶುರುವಾಗಿದ್ದು ಒಂದು ಫಂಕ್ಷನ್ ಊಟದಿಂದ. ಒಂದು ವಾರ ವಾಂತಿ, ಭೇದಿ. ಮನೆಯಲ್ಲಿ ನಾಲ್ಕು ಜನಕ್ಕೆ ಆಯಿತು, ಮೂವರಿಗೆ ವಾಸಿಯಾಯಿತು. ನನಗೆ ಭೇದಿ ನಿಂತರೂ ಹೊಟ್ಟೆ ಮೊದಲಿನ ಹಾಗಾಗಲೇ ಇಲ್ಲ. ಹೀಗೆ ಜೋರಾಗಿ ಹೊಟ್ಟೆ ಕೆಟ್ಟವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಉಳಿದುಕೊಳ್ಳುತ್ತದಂತೆ. ಆಗ ಗೊತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಡುವ ಹೊತ್ತಿಗೆ ಎಡಗಡೆ ಕೆಳಹೊಟ್ಟೆ ಹಿಂಡುತ್ತಿತ್ತು. ಮೂರು ಸಲ ಬಾತ್‌ರೂಮಿಗೆ ಓಡಬೇಕು. ಹೋಗಿ ಬಂದರೆ ನೋವು ಕಡಿಮೆ. ಇನ್ನು ಕೆಲವು ವಾರ ಅದಕ್ಕೆ ಉಲ್ಟಾ, ನಾಲ್ಕು ದಿನ ಏನೂ ಇಲ್ಲ. ಸಂಜೆ ಆಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಲಂಗದ ಲಾಡಿ ಸಡಿಲ ಮಾಡಬೇಕಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬರು "ಏನ್ ಮೇಡಂ, ವಿಶೇಷನಾ?" ಅಂತ ಕೇಳಿಯೂ ಬಿಟ್ಟರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು. ಅತ್ತೆಗೆ ಬಟ್ಟಿ ಬಿದ್ದಿದೆ ಅಂತ ಅನುಮಾನ, ತೆಗೆಸಿಕೊಂಡೂ ಬಂದೆವು. ಮಾವನ ಪ್ರಕಾರ ಉಷ್ಣ. ನಾದಿನಿಗೆ ದೃಷ್ಟಿ. ನಮ್ಮವರಿಗೆ ಗ್ಯಾಸ್ಟ್ರಿಕ್. ಒಂದು ಕ್ಲಿನಿಕ್ಕಿನಲ್ಲಿ ಅಸಿಡಿಟಿ ಮಾತ್ರೆ ಬರೆದುಕೊಟ್ಟರು, ಎರಡು ವರ್ಷ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದೆ. ಯಾರೂ ನಿಲ್ಲಿಸು ಅನ್ನಲಿಲ್ಲ, ನಾನೂ ಕೇಳಲಿಲ್ಲ. ನನಗೆ ಎದೆ ಉರಿಯೇ ಇರಲಿಲ್ಲ ನೋಡಿ! ಇದರ ಮೇಲೆ ಬಂದವರೆಲ್ಲ "ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಗಾದೆ ಹೇಳಿ ಹೋಗುತ್ತಿದ್ದರು. ಆ ಗಾದೆಯ ಎರಡನೇ ಅರ್ಧ ಮಾತು ಬಲ್ಲವನ ಬಗ್ಗೆ ಇದೆ. ಅದನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಹೊಟ್ಟೆಯ ಸ್ಪೆಷಲಿಸ್ಟ್ ಒಬ್ಬರು ಸಿಕ್ಕರು. ರಕ್ತ, ಥೈರಾಯ್ಡ್ ನೋಡಿದರು. ಗೋಧಿಯಿಂದ ಬರುವ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ಅಂತ ಒಂದು ರಕ್ತದ ಟೆಸ್ಟ್ ಮಾಡಿಸಿದರು. ಕರುಳಿನಲ್ಲಿ ಊತ ಇದೆಯಾ ಅಂತ ತಿಳಿಯೋಕೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ನೋಡಿದರು. ನೀವು ಈ ಟಿಟಿಜಿ ಮಾಡಿಸಿಲ್ಲ ಅಂದರೆ ಗೋಧಿ ಬಿಡುವುದಕ್ಕೆ ಮುಂಚೆಯೇ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಇನ್ನು ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯೋದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ನನ್ನ ಉತ್ತರ ಇಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ವಾಪಸ್ ಹೋಗಿ. ಅದನ್ನು ಐಬಿಎಸ್ ಲೆಕ್ಕಕ್ಕೆ ಸೇರಿಸಿ ಸುಮ್ಮನಿರೋ ಹಾಗಿಲ್ಲ.

ಈಗ "ಮನಸ್ಸಿಂದು" ಅನ್ನೋ ಮಾತಿಗೆ ಬರೋಣ. ಆ ಡಾಕ್ಟರ್ ನಮ್ಮವರನ್ನೂ ಒಳಗೆ ಕರೆಸಿ ಕೂರಿಸಿದರು. ನಾನು ನೂರು ಸಲ ಹೇಳಿದ್ದು ನಾಟಿರಲಿಲ್ಲ, ಅವರು ಐದು ನಿಮಿಷ ಹೇಳಿದ್ದು ನಾಟಿತು. ಕರುಳಿನ ಗೋಡೆಯಲ್ಲೇ 10 ಕೋಟಿಗೂ ಜಾಸ್ತಿ ನರಕೋಶ ಇವೆಯಂತೆ. ಅವಕ್ಕೂ ಮಿದುಳಿಗೂ ಸದಾ ಮಾತುಕತೆ. "ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಉಗುರುಬೆಚ್ಚಗಿನ ನೀರು ಹಾಕಿದರೂ ಉರಿಯುತ್ತಲ್ಲ, ನೀರು ಬಿಸಿ ಇದೆಯಾ? ಇಲ್ಲ. ಉರಿ ಸುಳ್ಳಾ? ಅದೂ ಅಲ್ಲ. ಇವರ ಕರುಳು ಹಾಗಾಗಿದೆ. ನಿಮ್ಮ ಹೊಟ್ಟೆಯಲ್ಲೂ ಇಷ್ಟೇ ಗ್ಯಾಸ್ ಇರಬಹುದು, ನಿಮಗೆ ಗೊತ್ತಾಗಲ್ಲ. ಇವರಿಗೆ ನೋವಾಗುತ್ತೆ. ಸ್ಕ್ಯಾನಿನಲ್ಲಿ ಆಕಾರ ಕಾಣುತ್ತೆ, ನೋವು ಕಾಣಲ್ಲ." ಟೆನ್ಶನ್ ಆದರೆ ಜಾಸ್ತಿ ಆಗೋದು ನಿಜ ಅಂತಲೂ ಹೇಳಿದರು. ಜಾಸ್ತಿ ಆಗೋದು ಬೇರೆ, ಅದರಿಂದಲೇ ಹುಟ್ಟೋದು ಬೇರೆ, ಅಲ್ವಾ? ವಾಪಸ್ ಬರುವಾಗ ಟ್ರೈನಿನಲ್ಲಿ ನಮ್ಮವರು ಮಾತೇ ಆಡಲಿಲ್ಲ. ಯಶವಂತಪುರ ದಾಟಿದ ಮೇಲೆ "ಇಷ್ಟು ವರ್ಷ ಸುಮ್ನೆ ಬೈದ್ನಲ್ಲ" ಅಂದರು. ಹಾಗಾಗಿ ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಯಜಮಾನರನ್ನು ಹೊರಗಿನ ಕುರ್ಚಿಯಲ್ಲಿ ಬಿಡಬೇಡಿ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ.

ಇನ್ನು ಊಟ. ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮೊಬೈಲಿನಲ್ಲಿ ಓದಿ ಒಂದೇ ಸಲಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಬೇಳೆ, ಅರ್ಧ ಹಣ್ಣು ಎಲ್ಲ ಬಿಟ್ಟೆ. ಇದಕ್ಕೆ ಲೋ ಫಾಡ್‌ಮ್ಯಾಪ್ ಡಯಟ್ ಅನ್ನುತ್ತಾರೆ, ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಕಂಡುಹಿಡಿದದ್ದು. ಸಣ್ಣ ಕರುಳಿನಲ್ಲಿ ಪೂರ್ತಿ ಅರಗದ ಕೆಲವು ಸಕ್ಕರೆ ಅಂಶಗಳು ದೊಡ್ಡ ಕರುಳಿಗೆ ಹೋಗಿ, ಅಲ್ಲಿ ಹುಳಿದು ಗ್ಯಾಸ್ ಆಗುತ್ತವೆ, ನೀರನ್ನೂ ಎಳೆಯುತ್ತವೆ. ಅವು ಇರುವ ಪದಾರ್ಥ ಕೆಲವು ವಾರ ಬಿಟ್ಟು ನೋಡೋದು. ಆದರೆ ಅದು 2ರಿಂದ 6 ವಾರದ ಪರೀಕ್ಷೆ ಮಾತ್ರ. ಆಮೇಲೆ ಒಂದೊಂದನ್ನೇ ವಾಪಸ್ ತಂದು ಯಾವುದು ಒಗ್ಗಲ್ಲ ಅಂತ ಹುಡುಕಬೇಕು. ನಾನು ಓದಿದ್ದು ಅರ್ಧ ಮಾತ್ರ, ನಾಲ್ಕು ತಿಂಗಳು ಹಾಗೇ ಇದ್ದೆ. 6 ಕೆಜಿ ಇಳಿದೆ, ತಲೆಕೂದಲು ಉದುರಿತು, ಕ್ಲಾಸಿನಲ್ಲಿ ನಿಂತರೆ ತಲೆ ಸುತ್ತು. ಡಾಕ್ಟರ್ ಬೈದರು. "ಬಿಡೋದಕ್ಕಿಂತ ವಾಪಸ್ ತಗೊಳ್ಳೋದು ಮುಖ್ಯ ಕಣಮ್ಮ."

ಆಮೇಲೆ ಹಳೇ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ಬರೆಯೋಕೆ ಶುರು ಮಾಡಿದೆ. ತಿಂದದ್ದು, ನಿದ್ದೆ, ಮುಟ್ಟಿನ ದಿನ, ನೋವು. ಮೂರು ದಿನಕ್ಕೊಂದು ಪದಾರ್ಥ, ಮೊದಲ ದಿನ ಸ್ವಲ್ಪ, ಮೂರನೇ ದಿನ ಪೂರ್ತಿ. ನನ್ನ ಲೆಕ್ಕದಲ್ಲಿ ಸಿಕ್ಕಿಬಿದ್ದದ್ದು ಈರುಳ್ಳಿ, ಚಪಾತಿ, ಖಾಲಿ ಹೊಟ್ಟೆಗೆ ಕುಡಿಯುವ ಹಾಲು ಜಾಸ್ತಿ ಹಾಕಿದ ಕಾಫಿ. ಮೊಸರು, ಮಜ್ಜಿಗೆ ತೊಂದರೆ ಇಲ್ಲ, ಹೆಪ್ಪು ಹಾಕಿದಾಗ ಹಾಲಿನ ಲ್ಯಾಕ್ಟೋಸ್ ಒಂದಿಷ್ಟು ಕಡಿಮೆ ಆಗಿರುತ್ತದೆ. ಅನ್ನ ದೇವರು. ಮುದ್ದೆಯೂ ಒಗ್ಗಿತು. ಬೆಳ್ಳುಳ್ಳಿ ಸ್ವಲ್ಪ ಆದರೆ ಪರವಾಗಿಲ್ಲ. ನಿಮ್ಮ ಪಟ್ಟಿ ಬೇರೆ ಇರುತ್ತೆ, ನನ್ನದನ್ನು ಕಾಪಿ ಹೊಡೆಯಬೇಡಿ.

ನಮ್ಮ ಮನೆಯಲ್ಲಿ ಮಜಾ ಏನು ಗೊತ್ತಾ? ನಮ್ಮವರಿಗೆ ಶುಗರ್. ಅವರಿಗೆ ಅನ್ನ ಕಡಿಮೆ ಮಾಡಿ ಚಪಾತಿ ತಿನ್ನಿ ಅಂತ ಡಾಕ್ಟರ್. ನನಗೆ ಚಪಾತಿ ಬಿಟ್ಟು ಅನ್ನ ತಿನ್ನಿ ಅಂತ ಇನ್ನೊಬ್ಬ ಡಾಕ್ಟರ್. ಮಕ್ಕಳಿಗೆ ನೂಡಲ್ಸ್ ಬೇಕು. ಅತ್ತೆಗೆ ಹಲ್ಲಿಲ್ಲ. ಇದನ್ನೆಲ್ಲ ನೋಡಿ ಒಂದು ದಿನ ತೀರ್ಮಾನಿಸಿದೆ, ನನಗೆ ಅಂತ ಬೇರೆ ಪಾತ್ರೆ ಇಡೋದಿಲ್ಲ. ಬೇರೆ ಪಾತ್ರೆ ಇಟ್ಟ ದಿನ ಬೇರೆ ಮಾತು ಶುರುವಾಗುತ್ತದೆ. ಅಡುಗೆ ಒಂದೇ, ಒಗ್ಗರಣೆ ಮಾತ್ರ ಎರಡು.

ಅತ್ತೆ ಮೊದಲು "ಈರುಳ್ಳಿ ಎತ್ತಿಟ್ಬಿಟ್ಟು ತಿನ್ನು" ಅನ್ನುತ್ತಿದ್ದರು. ಹಾಗೆ ಆಗಲ್ಲ. ಈರುಳ್ಳಿಯಲ್ಲಿ ನನಗೆ ಆಗದ ಅಂಶ ಫ್ರಕ್ಟಾನ್, ಅದು ನೀರಿನಲ್ಲಿ ಕರಗುತ್ತದೆ. ಸಾರಿನಲ್ಲಿ ಕುದಿಸಿದರೆ ಸಾರಿಗೇ ಬಂದುಬಿಡುತ್ತದೆ, ಹೋಳು ಎತ್ತಿಟ್ಟು ಏನು ಬಂತು? ಆದರೆ ಎಣ್ಣೆಯಲ್ಲಿ ಅದು ಕರಗಲ್ಲ. ಹಾಗಾಗಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಮಾಡಿ, ಬೆಳ್ಳುಳ್ಳಿ ತೆಗೆದು ಅತ್ತೆಯ ತಟ್ಟೆಗೆ ಹಾಕಿ, ಆ ಎಣ್ಣೆಯಲ್ಲಿ ನನ್ನ ಒಗ್ಗರಣೆ. ಘಮಕ್ಕೆ ಘಮ, ಹೊಟ್ಟೆಗೂ ನೆಮ್ಮದಿ. ಈರುಳ್ಳಿ ಬೇಕೇ ಬೇಕು ಅನ್ನಿಸಿದರೆ ಈರುಳ್ಳಿ ಸೊಪ್ಪಿನ ಹಸಿರು ಭಾಗ, ಬುಡದ ಬಿಳಿ ಗೆಡ್ಡೆ ಬೇಡ. ಸಾರಿನ ಪುಡಿಗೆ ಬೆಳ್ಳುಳ್ಳಿ ಹಾಕಿಸೋದು ಬಿಟ್ಟೆ. ಬರೀ ಧನಿಯಾ, ಜೀರಿಗೆ, ಮೆಣಸು, ಮೆಂತ್ಯ, ಒಣಮೆಣಸಿನಕಾಯಿ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಬೇಳೆ ಬೆಂದು ಸಾರಿನ ಪುಡಿ ಬಿದ್ದ ಮೇಲೆ ನನ್ನ ಎರಡು ಸೌಟು ಸಣ್ಣ ಬೋಸಿಗೆ ತೆಗೆದು ಇಂಗು, ಕರಿಬೇವು ಒಗ್ಗರಣೆ. ಉಳಿದ ಪಾತ್ರೆಗೆ ಈರುಳ್ಳಿ ಸೇರಿಸಿ ಅವರ ಒಗ್ಗರಣೆ. ಎರಡು ನಿಮಿಷದ ಕೆಲಸ. ಅಂದ ಹಾಗೆ, ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಚಿಟಿಕೆಗೆ ನನಗೇನೂ ಆಗಿಲ್ಲ, ಸೀಲಿಯಾಕ್ ಇರುವವರು ಮಾತ್ರ ಹುಷಾರು.

ಬೇಳೆಕಾಳಿನ ಗುಟ್ಟು ನನಗೆ ಹೊಳೆದದ್ದು ಬಸ್ಸಾರಿನಿಂದ. ನಮ್ಮ ಕಡೆ ವಾರಕ್ಕೆರಡು ಸಲ ಬಸ್ಸಾರು, ನಿಮ್ಮಲ್ಲೂ ಇರುತ್ತೆ. ಕಾಳಿನಲ್ಲಿ ಗ್ಯಾಸ್ ಮಾಡುವ ಅಂಶವೂ ನೀರಿಗೇ ಇಳಿಯುತ್ತದೆ. ಅಂದರೆ ಬಸಿದ ಕಟ್ಟಿನಲ್ಲಿ ಅದು ತುಂಬಾ ಇರುತ್ತದೆ, ಬಸಿದ ಕಾಳು, ಸೊಪ್ಪಿನ ಪಲ್ಯದಲ್ಲಿ ಕಡಿಮೆ. ನಾನು ಇಷ್ಟು ವರ್ಷ "ಕಾಳು ಬೇಡ, ಗ್ಯಾಸು" ಅಂತ ಪಲ್ಯ ಬಿಟ್ಟು ಮುದ್ದೆಗೆ ಬಸ್ಸಾರು ಸುರಿದುಕೊಳ್ಳುತ್ತಿದ್ದೆ. ಪೂರ್ತಿ ಉಲ್ಟಾ! ಈಗ ಮುದ್ದೆ, ಒಂದು ಹಿಡಿ ಪಲ್ಯ, ತುಪ್ಪ, ಮಜ್ಜಿಗೆ. ಯುಗಾದಿಗೂ ಅದೇ ಲೆಕ್ಕ. ಒಬ್ಬಟ್ಟು ಅರ್ಧ ತಿನ್ನುತ್ತೇನೆ, ಬೇಳೆ ಬಸಿದ ನೀರಿನಲ್ಲಿ ಮಾಡುವ ಒಬ್ಬಟ್ಟಿನ ಸಾರು ಮುಟ್ಟಲ್ಲ. ನನಗೆ ಒಬ್ಬಟ್ಟಿಗಿಂತ ಆ ಸಾರೇ ಇಷ್ಟ. ಮಾರನೇ ದಿನದ ಹಳಸಲು ಒಬ್ಬಟ್ಟಿನ ಸಾರು ಅಂದರೆ ಈಗಲೂ ಬಾಯಲ್ಲಿ ನೀರು. ಏನ್ ಮಾಡೋದು.

ಇನ್ನೊಂದು ತಮಾಷೆ. ಶ್ರಾವಣ ಮಾಸದಲ್ಲಿ ನಮ್ಮ ಮನೆಯಲ್ಲಿ ಶನಿವಾರ, ಸೋಮವಾರ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಆ ದಿನಗಳಲ್ಲಿ ನಾನು ಚೆನ್ನಾಗಿರುತ್ತಿದ್ದೆ. ಅತ್ತೆ ಅದನ್ನು ಗಮನಿಸಿ ಎಲ್ಲ ವೆಂಕಟರಮಣನ ಮಹಿಮೆ ಅಂದರು. ನಾನು ಫ್ರಕ್ಟಾನ್ ಅಂತ ವಾದಕ್ಕೆ ನಿಲ್ಲಲಿಲ್ಲ. "ಹಾಗಾದ್ರೆ ವಾರಕ್ಕೆ ಇನ್ನೆರಡು ದಿನ ಹೀಗೇ ಮಾಡೋಣ ಅತ್ತೆ" ಅಂದೆ. ಒಪ್ಪಿದರು. ನಿಮ್ಮ ಮನೆಯಲ್ಲೂ ಇಂಥ ಒಂದು ಬಾಗಿಲು ಇದ್ದೇ ಇರುತ್ತದೆ, ಹುಡುಕಿ. ಪಾಠ ಮಾಡೋಕೆ ಹೋಗಬೇಡಿ. ಟೀಚರ್ ಆಗಿ ಹೇಳುತ್ತಿದ್ದೇನೆ, ಮನೆಯಲ್ಲಿ ಪಾಠ ನಡೆಯಲ್ಲ.

ಬಾತ್‌ರೂಮ್ ವಿಷಯ ಯಾರೂ ಬರೆಯಲ್ಲ, ನಾನು ಬರೆಯುತ್ತೇನೆ. ಆರು ಜನಕ್ಕೆ ಒಂದೇ ಟಾಯ್ಲೆಟ್. ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿಯೋರು, "ಇನ್ನೂ ಆಗ್ಲಿಲ್ವಾ" ಅನ್ನೋರು. ಆ ಬಡಿತ ಕೇಳಿದರೇ ನನಗೆ ಹೊಟ್ಟೆ ಹಿಂಡುತ್ತಿತ್ತು. ಮೂರನೇ ಕ್ಲಾಸಿನಲ್ಲಿದ್ದ ಮಗಳು ಶಾಲೆಯಲ್ಲಿ "ನನ್ನ ಅಮ್ಮ" ಅಂತ ಪ್ರಬಂಧ ಬರೆದಿದ್ದಳು. "ನನ್ನ ಅಮ್ಮ ಟೀಚರ್. ಅವರು ಬೆಳಿಗ್ಗೆ ಬಾತ್‌ರೂಮಿನಲ್ಲಿ ಇರುತ್ತಾರೆ. ಸಂಜೆ ಮಲಗಿರುತ್ತಾರೆ." ಅಕ್ಷರ ದುಂಡಗಿತ್ತು, ಅವಳ ಮಿಸ್ ಗುಡ್ ಹಾಕಿದ್ದರು. ನಗುತ್ತಲೇ ನಮ್ಮವರಿಗೆ ತೋರಿಸಿದೆ, ತೋರಿಸಿ ಅತ್ತುಬಿಟ್ಟೆ.

ಆ ವರ್ಷ ಚೀಟಿ ದುಡ್ಡು ಬಂತು. ನನಗೆ ಬಳೆ ಅಂತ ಇಟ್ಟಿದ್ದದ್ದು. ಬಳೆ ಬೇಡ, ಮೆಟ್ಟಿಲ ಕೆಳಗೆ ಇನ್ನೊಂದು ಟಾಯ್ಲೆಟ್ ಕಟ್ಟಿಸಿ ಅಂದೆ. ವಾಸ್ತು ಅಂತ ಹದಿನೈದು ದಿನ ಮಾತಾಯಿತು. ಕಟ್ಟಿಸಿದೆವು. ನನ್ನ ಜೀವನದಲ್ಲಿ ನಾನು ಮಾಡಿಸಿಕೊಂಡ ಒಳ್ಳೇ ಒಡವೆ ಅದೇ. ಬೆಳಿಗ್ಗೆ ಐದೂವರೆಗೆ ಎದ್ದು, ಬಿಸಿನೀರು ಕುಡಿದು, ಎರಡು ಇಡ್ಲಿ ತಿಂದು, ಯಾರ ಅವಸರವೂ ಇಲ್ಲದೆ ಹೋಗಿ ಬರುತ್ತೇನೆ. ಏನಾದರೂ ತಿಂದ ಮೇಲೆ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತನ್ನು ಮನೆಯಲ್ಲೇ ಮುಗಿಸಿದರೆ ಬಸ್ಸಿನಲ್ಲಿ ಕಾಟ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಓಡಿ, ಶಾಲೆಯಲ್ಲಿ ತಿಂಡಿ ತಿಂದು, ಮೊದಲ ಪೀರಿಯಡ್ಡಿನಲ್ಲಿ ಒದ್ದಾಡೋದನ್ನು ವರ್ಷಗಟ್ಟಲೆ ಮಾಡಿದ್ದೇನೆ. ಎರಡನೇ ಟಾಯ್ಲೆಟ್ ನಿಮಗೆ ಆಗದಿದ್ದರೆ ಒಂದು ಹೊತ್ತು ನಿಮ್ಮದು ಅಂತ ಗಟ್ಟಿ ಮಾಡಿಕೊಳ್ಳಿ. ಅರ್ಧ ಗಂಟೆ, ಬಾಗಿಲು ಬಡಿಯೋ ಹಾಗಿಲ್ಲ.

ಮಾತ್ರೆ ಬಗ್ಗೆ ಚಿಕ್ಕದಾಗಿ. ಇಸಬ್‌ಗೋಲ್ ನನಗೆ ಸಹಾಯ ಮಾಡಿದೆ, ಅರ್ಧ ಚಮಚದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ, ನೀರು ಜಾಸ್ತಿ ಕುಡಿಯಿರಿ. ನಾರು ಒಳ್ಳೇದು ಅಂತ ಗೋಧಿ ತೌಡು ತಿಂದಿದ್ದೆ, ಇನ್ನಷ್ಟು ಉಬ್ಬರ ಬಂತು. ಡಾಕ್ಟರ್ ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಎಂಜಿ ಕೊಟ್ಟರು. ಮೆಡಿಕಲ್ ಸ್ಟೋರಿನ ಹುಡುಗ "ಇದು ಡಿಪ್ರೆಶನ್ ಮಾತ್ರೆ ಮೇಡಂ" ಅಂದ, ಮಗ ಮೊಬೈಲಿನಲ್ಲಿ ನೋಡಿ ಅವನೂ ಅದೇ ಅಂದ. ಅತ್ತೆ "ನಾನ್ ಹೇಳ್ಲಿಲ್ವಾ" ಅನ್ನೋ ಮುಖ ಮಾಡಿದರು. ಡಾಕ್ಟರಿಗೆ ಫೋನ್ ಮಾಡಿದೆ. ಡಿಪ್ರೆಶನ್ನಿಗೆ ಕೊಡುವ ಡೋಸ್ ಇದಕ್ಕಿಂತ ತುಂಬಾ ಜಾಸ್ತಿ, ಇಷ್ಟು ಸಣ್ಣ ಡೋಸ್ ಕರುಳಿನ ನರದ ನೋವು ತಗ್ಗಿಸೋಕೆ ಅಂದರು. ಬಾಯಿ ಒಣಗುತ್ತದೆ, ಮೊದಲ ವಾರ ಬೆಳಿಗ್ಗೆ ಮಂಪರು. ಆದರೆ ಹಿಂಡುವ ನೋವು ಇಳಿಯಿತು. ನೀವಾಗಿ ಇದನ್ನು ತಗೋಬೇಡಿ. ಬರೆದುಕೊಟ್ಟರೆ ಹೆಸರು ನೋಡಿ ಹೆದರಬೇಡಿ.

ಪ್ರಯಾಣಕ್ಕೆ ಟ್ರೈನ್ ವಾಸಿ, ಒಳಗೇ ಟಾಯ್ಲೆಟ್ ಇರುತ್ತದೆ. ನಿಮಗಂತೂ 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಟ್ರೈನಿದೆ. ಬಸ್ಸಾದರೆ, 2023ರ ಶಕ್ತಿ ಯೋಜನೆ ನನ್ನಂಥವರಿಗೆ ವರ ಆಯಿತು. ಹೆಂಗಸರು ಓಡಾಡೋಕೆ ಬಿಟ್ಟಿ ಬಸ್ ಅಂತ ಎಲ್ಲರೂ ಅಂದುಕೊಂಡರೆ, ನನಗೆ ಬೇರೆಯೇ ಲಾಭ. ಹೊಟ್ಟೆ ಹಿಂಡಿದರೆ ಮಧ್ಯದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಟಾಯ್ಲೆಟ್ಟಿಗೆ ಹೋಗಿ, ಮುಂದಿನ ಬಸ್ ಹತ್ತುತ್ತೇನೆ. ಟಿಕೆಟ್ ದುಡ್ಡು ಹೋಯಿತಲ್ಲ ಅನ್ನೋ ಸಂಕಟ ಇಲ್ಲ. ಇಳಿಯಬಹುದು ಅಂತ ಗೊತ್ತಾದ ಮೇಲೆ ಇಳಿಯೋ ಪ್ರಸಂಗವೇ ಕಡಿಮೆ ಆಯಿತು. ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಓಆರ್‌ಎಸ್ ಪೊಟ್ಟಣ, ಐದು ರೂಪಾಯಿ ಚಿಲ್ಲರೆ ಸದಾ ಇರುತ್ತದೆ.

ಮದುವೆ ಮನೆಯಲ್ಲಿ ಮೊದಲೆಲ್ಲ ಹಿಂದಿನ ದಿನದಿಂದ ಉಪವಾಸ ಮಾಡಿ ಹೋಗುತ್ತಿದ್ದೆ. ಆಮೇಲೆ ಹಸಿವು ತಡೆಯದೆ ಎಲ್ಲ ತಿಂದು ಛತ್ರದಲ್ಲೇ ಫಜೀತಿ. ಈಗ ಮನೆಯಲ್ಲಿ ಮೊಸರನ್ನ ತಿಂದೇ ಹೊರಡುತ್ತೇನೆ. ಪಂಕ್ತಿಯಲ್ಲಿ ಕೂರುತ್ತೇನೆ, ಎಲೆಗೆ ಎಲ್ಲ ಬಡಿಸಿಕೊಳ್ಳುತ್ತೇನೆ, ಅನ್ನ ತಿಳಿಸಾರು ಮಜ್ಜಿಗೆ ತಿನ್ನುತ್ತೇನೆ, ಉಳಿದದ್ದನ್ನು ಅತ್ತಿತ್ತ ಸರಿಸುತ್ತೇನೆ. ಅನ್ನ ಬಿಡಬಾರದು ಅಂತ ಬೆಳೆದವಳು, ಮನಸ್ಸಿಗೆ ಚುಚ್ಚುತ್ತದೆ. ಆದರೆ ಎಲೆ ಖಾಲಿ ಇದ್ದರೆ ಹತ್ತು ಜನ ಕಾರಣ ಕೇಳುತ್ತಾರೆ, ಹೊಟ್ಟೆ ಕಥೆ ಮತ್ತೆ ಶುರು. ಹೋದ ವರ್ಷ ಒಂದು ಮದುವೆಯಲ್ಲಿ ಈರುಳ್ಳಿ ಬಜ್ಜಿ ಹಿಡಿದು ಬಂದವನು ನನ್ನ ಎಲೆಯ ಮುಂದೆ ಬಗ್ಗಿದ. ಪಕ್ಕದಲ್ಲಿದ್ದ ಅತ್ತೆ ತಲೆ ಎತ್ತದೆಯೇ "ಅವ್ಳಿಗ್ ಒಗ್ಗಲ್ಲಪ್ಪ, ಇಲ್ಲಿಗ್ ಹಾಕು" ಅಂತ ತಮ್ಮ ಎಲೆ ತೋರಿಸಿದರು. ಹಲ್ಲಿಲ್ಲದ ಅತ್ತೆ ಎರಡು ಬಜ್ಜಿ ಏನು ಮಾಡಿದರೋ ನನಗೆ ಗೊತ್ತಿಲ್ಲ.

ಈಗಲೂ ಕೆಟ್ಟ ದಿನ ಬರುತ್ತವೆ. ಮುಟ್ಟಿನ ಹಿಂದಿನ ದಿನ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಡ್ಯೂಟಿ ಇರುವ ವಾರ, ನಿದ್ದೆ ಕೆಟ್ಟಾಗ. ಆ ದಿನ ಮಕ್ಕಳಿಗೆ "ಇವತ್ತು ಅಮ್ಮನ ಹೊಟ್ಟೆ ರಜಾ" ಅಂತ ಹೇಳಿದರೆ ಸಾಕು, ಯಾರೂ ಏನೂ ಕೇಳಲ್ಲ. ಮಗಳು ಗಂಜಿ ಇಡುತ್ತಾಳೆ.

ನೀವು ಬರೆದ ಹೊತ್ತಿಗೆ ನಿಮ್ಮ ಕಡೆ ಸೊಗಡು ಅವರೆಕಾಯಿ ಬಂದಿರಬೇಕು. ಪೂರ್ತಿ ಬಿಡಬೇಡಿ, ಬಿಟ್ಟರೆ ನೀವು ಮನೆಯವರ ಮೇಲೆ ರೇಗುತ್ತೀರಿ, ನನ್ನ ಅನುಭವ. ರಾತ್ರಿ ನೆನೆಸಿ, ಹಿತಕಿ, ಬೇಯಿಸಿದ ನೀರು ಬಸಿದು, ನಾಲ್ಕು ಚಮಚ. ಮಾರನೇ ದಿನ ಭಾನುವಾರ ಇರಬೇಕು ಅಷ್ಟೇ.